ಹೊಳೆಯ ಪಾಲಿನ ಬಾಲ

ನಮ್ಮ ಯಜಮಾನರ ಹೆಸರು ಕೆಂಚಯ್ಯ. ಅವರು ಬದುಕಿರುವಾಗ ನಾನು ಒಮ್ಮೆಯೂ ಬಾಯಿಬಿಟ್ಟು ಹೇಳದ ಆ ಹೆಸರನ್ನು ಈಗ ಅವರ ಸಾವಿನ ಕಾಗದಪತ್ರಕ್ಕೆಂದು ಕಂಡಕಂಡ ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ನನ್ನ ಹಣೆಬರಹ.

ವನಗೂರಿನ ಎಸ್ಟೇಟಿನಲ್ಲಿ ಅವರದು ಮರಗಸಿ ಕೆಲಸ. ಕಾಫಿ ಗಿಡಕ್ಕೆ ಬಿಸಿಲು ಬೀಳಲೆಂದು ಎತ್ತರದ ಮರ ಹತ್ತಿ ಕೊಂಬೆ ಕಡಿಯುವುದು. ಭಾನುವಾರ ಬಂತೆಂದರೆ ಬಿದಿರಿನ ಕೂಳಿ ಹೆಗಲಿಗೇರಿಸಿ ಹೊಳೆಗೆ ಮೀನು ಹಿಡಿಯಲು ಹೊರಡುವರು. ಅವರ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಮೊದಲು ಸಿಕ್ಕ ಮೀನಿನ ಬಾಲವನ್ನು, ನೀರಿನಿಂದ ಕಾಲು ತೆಗೆಯುವ ಮುಂಚೆಯೇ ಕೊಯ್ದು ಹೊಳೆಗೆ ಬಿಡಬೇಕು. ಅದು ಹೊಳೆಯ ಪಾಲು. ತಪ್ಪಿಸಿದರೆ ಹೊಳೆ ತಾನೇ ಬಂದು ತೆಗೆದುಕೊಳ್ಳುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು.

ನಮ್ಮ ಮಗಳು ನಯನಾ ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಯಾವುದರ ಮೇಲೆ ಅಂತೀರಿ? ಮೀನಿನ ಬಾಲದ ಮೇಲೆ! ಎಸ್ಟೇಟಿನ ಲೈನುಮನೆಗಳ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಒಂದು ದಿನ ಊಟಕ್ಕೆ ಕೂತಾಗ ಅವಳು ತಟ್ಟೆಯಲ್ಲಿದ್ದ ಮೀನಿನ ಮುಳ್ಳನ್ನೇ ತೋರಿಸಿ ವಿವರಿಸಿದಳು. ಬೆನ್ನುಮೂಳೆಯೊಳಗೆ ನರದ ಹುರಿಯೊಂದು ಓಡುತ್ತದಂತೆ. ಅದರ ಬಾಲದ ಕೊನೆಯಲ್ಲಿ ದಪ್ಪದಪ್ಪ ನರಕೋಶಗಳು. ಒಂದೊಂದರ ನಡುವಿನ ಬೀಜವೂ ದುಂಡಗಿರದೆ ಶುಂಠಿ ಗೆಡ್ಡೆಯ ಹಾಗೆ ಕವಲುಕವಲು. ಅವು ಬರೀ ಸುದ್ದಿ ಸಾಗಿಸುವ ನರಗಳಲ್ಲ. ಹಾರ್ಮೋನು ತಯಾರಿಸಿ, ಉದ್ದನೆಯ ಎಳೆಗಳ ಮೂಲಕ ಹುರಿಯ ಕೆಳಗಿನ ಪುಟ್ಟ ಉಬ್ಬಿಗೆ ಕಳಿಸುತ್ತವೆ. ಅಲ್ಲಿಂದ ಅದು ರಕ್ತಕ್ಕೆ ಸೇರುತ್ತದೆ. ಮೀನಿನ ಮೈಯಲ್ಲಿ ಉಪ್ಪು, ನೀರು ಹದ ತಪ್ಪದಂತೆ ಕಾಯುವುದರಲ್ಲಿ ಅದಕ್ಕೂ ಕೈಯಿದೆಯಂತೆ.

ನಮ್ಮ ಯಜಮಾನರು ತುತ್ತು ಕೈಯಲ್ಲೇ ಹಿಡಿದು ಕೇಳುತ್ತ ಕೂತರು. ಕೋಶ ಬೇಗ ಕೆಡುತ್ತದೆ, ಬಾಲವನ್ನು ಹೊಳೆದಂಡೆಯಲ್ಲೇ ಔಷಧಿ ನೀರಿಗೆ ಹಾಕಬೇಕು ಎಂದು ಮಗಳು ಹೇಳಿದ್ದೇ ತಡ, ಅಂದಿನಿಂದ ಬಾಲವೆಲ್ಲ ಅವಳ ಸೀಸೆಗೆ. ಹೊಳೆಗೆ ಬರೀ ಎಲೆ ಅಡಿಕೆ. ಬೇಡ, ಹಿರಿಯರ ಕಟ್ಟಳೆ ಮುರಿಯಬೇಡಿ ಎಂದು ನಾನು ಬಡಕೊಂಡೆ.

"ಹೊಳೆನೂ ಹೆಣ್ಣೇ ಅಲ್ವೇನೇ, ಮಗಳ ಓದು ಅಂದ್ರೆ ಅರ್ಥ ಮಾಡ್ಕಂತಾಳೆ ಬುಡು," ಎಂದು ನಕ್ಕರು.

ಈ ಸಲದ ಶ್ರಾವಣದಲ್ಲಿ ಹೊಳೆ ಇನ್ನೂ ಕೆಂಪಗೆ ಹರಿಯುತ್ತಿತ್ತು. ಸಾಕಷ್ಟು ಬಾಲ ಸಿಕ್ಕಿವೆ, ನೀರಿಳಿಯುವ ತನಕ ಹೋಗಬೇಡ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ಕೇಳುವ ಜನವೇ? ಮುಗಿಲೆತ್ತರದ ಸಿಲ್ವರ್ ಮರದಿಂದ ಒಂದು ದಿನವೂ ಜಾರದವರು ಪಾಚಿಗಟ್ಟಿದ ಬಂಡೆಯಿಂದ ಜಾರಿದರು. ಕೆಳಗಿನ ತಿರುವಿನಲ್ಲಿ ಹೆಣ ಸಿಕ್ಕಿತು. ಅಂಗಿಯ ಜೇಬಿನಲ್ಲಿ ಸೀಸೆ ಒಡೆಯದೆ ಹಾಗೇ ಇತ್ತು. ಒಳಗೆ ಒಂದು ಬಾಲ.

ಮೀನಿನ ಮೈಯೊಳಗೆ ನೀರು ನುಗ್ಗದಂತೆ ಬಾಲದಲ್ಲಿ ಕಾವಲಿಟ್ಟ ಆ ದೇವರು ನನ್ನ ಗಂಡನ ಮೈಯಲ್ಲಿ ಯಾಕೆ ಇಡಲಿಲ್ಲ?

ತಿಥಿಯ ದಿನ, ಎಡೆ ಇಟ್ಟು ಕೈಮುಗಿಯುವ ಹೊತ್ತಿಗೆ, ನಂಟರ ಮುಂದೆಯೇ ನಾನು ಮಗಳ ಮೇಲೆ ಹರಿಹಾಯ್ದೆ. ಹೊಳೆಯ ಪಾಲು ಕಿತ್ತುಕೊಂಡೆ, ನಿನ್ನ ಓದೇ ನನ್ನ ತಾಳಿ ತಿಂತು ಅಂದೆ.

ನಂಟರೆಲ್ಲ ಹೋದ ಮೇಲೆ ನೋಡಿದರೆ ಮನೆಯಲ್ಲಿ ಮಗಳಿಲ್ಲ. ಅವಳು ಮೈಸೂರಿನಿಂದ ಜೊತೆಗೆ ತಂದಿದ್ದ, ಬಾಲಗಳನ್ನು ತೆಳ್ಳಗೆ ಕೊಯ್ದು ಅಂಟಿಸಿದ್ದ ಗಾಜುಗಳ ಡಬ್ಬಿಯೂ ಇಲ್ಲ. ಹೊಳೆಯ ಕಡೆ ಓಡಿದೆ. ಅದೇ ಬಂಡೆಯ ಪಕ್ಕ, ಮೊಣಕಾಲುದ್ದ ನೀರಿನಲ್ಲಿ, ಡಬ್ಬಿಯ ಮುಚ್ಚಳ ತೆಗೆದು ನಿಂತಿದ್ದಳು. ಅದು ನೀರಿಗೆ ಬಿದ್ದರೆ ಅವಳ ಇಷ್ಟು ವರ್ಷದ ಓದು ಅಲ್ಲಿಗೆ ಮುಗಿಯಿತು.

"ನಾನು ಇದನ್ನೆಲ್ಲ ನಂಬಲ್ಲ ಅವ್ವ. ನೀನು ನಂಬ್ತೀಯಲ್ಲ, ಅಷ್ಟು ಸಾಕು," ಅಂದಳು.

ನಾನು ಸೀರೆ ಸಮೇತ ನೀರಿಗಿಳಿದು ಅವಳ ಕೈಯಿಂದ ಡಬ್ಬಿ ಕಿತ್ತುಕೊಂಡೆ.

"ಹೊಳೆಗೆ ನಿಮ್ಮಪ್ಪನ್ನೇ ಕೊಟ್ಟಾಯ್ತು ಕಣೇ. ಇದು ಅವ್ರು ನಿಂಗೆ ಕೊಟ್ಟಿದ್ದು. ಇದನ್ಯಾಕೆ ಕೊಡ್ತೀಯ?"

ಅವಳು ನನ್ನ ಹೆಗಲಿಗೆ ಬಿದ್ದು ಅತ್ತಳು. ನಾನೂ ಅತ್ತೆ. ಆಮೇಲೆ ಡಬ್ಬಿಯ ಮೂಲೆಯಲ್ಲಿದ್ದ, ಇವರ ಜೇಬಿನಲ್ಲಿ ಸಿಕ್ಕಿದ್ದ ಆ ಸೀಸೆಯನ್ನು ತೆಗೆದು ಬೆಳಕಿಗೆ ಹಿಡಿದೆ. ಇವರು ಕೊಯ್ದ ಕೊನೆಯ ಬಾಲ ಅಲುಗದೆ ನಿಂತಿತ್ತು. ಸೀಸೆಯನ್ನು ಸೆರಗಿನಲ್ಲಿ ಒರೆಸಿ ಮಗಳ ಕೈಗಿಟ್ಟೆ.

"ಇದನ್ನೂ ಕೊಯ್ದು ನೋಡು ಮಗಾ," ಅಂದೆ.