ಹತ್ತನೇ ಗುಂಡಿ

ನಾನು ಕೆಟ್ಟವನಲ್ಲ ಎಂದು ಇಷ್ಟು ದಿನ ನಂಬಿಕೊಂಡಿದ್ದೆ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ, ಭಾನುವಾರ ಬೆಳಿಗ್ಗೆ ಕಥೆಯಾಟ ಆಡಿಸುತ್ತೇನೆ. ಇಷ್ಟರಲ್ಲಿ ಯಾರ ಮನೆ ಹಾಳುಮಾಡಲು ಸಾಧ್ಯ?

ಆಟ ನಡೆಯುತ್ತಿದ್ದುದು ಟೈಲರ್ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ. ಆಡುವವರು ಟೈಲರ್, ಎದುರಿನ ಕನ್ನಡಕದ ಅಂಗಡಿಯವನು ಮತ್ತು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ತಂಗಿ. ಒಬ್ಬೊಬ್ಬರೂ ಒಂದು ಪಾತ್ರ ಕಟ್ಟಿಕೊಂಡು ಅದರ ಬಾಯಲ್ಲಿ ಮಾತಾಡುತ್ತಾರೆ, ದಾಳ ಉರುಳಿಸುತ್ತಾರೆ. ಉಳಿದ ಲೋಕವೆಲ್ಲ ನನ್ನದು; ಮಳೆ ಸುರಿಸುವವನೂ ನಾನೇ, ಕಳ್ಳರನ್ನು ಕಳಿಸುವವನೂ ನಾನೇ. ಪಾತ್ರಕ್ಕೊಂದು ಗುರಿ ಇರಬೇಕು, ಅದನ್ನು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಬೇಕು. ಗುರಿಯತ್ತ ಒಂದು ಹೆಜ್ಜೆ ಇಟ್ಟರೆ ನಾನು ಒಂದು ಅಂಕ ಕೊಡುತ್ತೇನೆ. ಅಂಕವೆಂದರೆ ಟೈಲರ್ ಡಬ್ಬಿಯ ಒಂದು ಕೆಂಪು ಗುಂಡಿ. ಹತ್ತು ಗುಂಡಿ ಕೂಡಿದರೆ ಗುರಿ ಮುಟ್ಟಿದಂತೆ. ಗುರಿ ಮುಟ್ಟುವ ಆ ಘಟನೆಯನ್ನು ಆಡಿ, ಪಾತ್ರದ ಕಥೆ ಮುಗಿಸಬಹುದು.

ತಂಗಿಗೆ ರಾಜನ ಕಿರೀಟ ಕದಿಯಬೇಕಿತ್ತು. ಕನ್ನಡಕದವನಿಗೆ ಬೆಟ್ಟದ ರಾಕ್ಷಸನನ್ನು ಕೊಲ್ಲಬೇಕಿತ್ತು. ಕಣ್ಣೆದುರಿನ ದಾಳವನ್ನೇ ನೆಟ್ಟಗೆ ಓದಲಾಗದವನ ಶೌರ್ಯ ನೋಡಿ! ಟೈಲರ್ ಅಂಬಿಗನಾಗಿದ್ದರು. ಅವರ ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಏಳು ವರ್ಷದಿಂದ ಮಾತು ಬಿಟ್ಟಿರುವ ತಮ್ಮನ ಬಾಗಿಲು ತಟ್ಟಬೇಕು.’

ಆ ಅಂಬಿಗ ಬಾಯಿ ತೆರೆದರೆ ನಾವೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಿದ್ದೆವು. ಒಂಬತ್ತು ಗುಂಡಿಗಳು ಬೇಗಬೇಗ ಬಂದವು. ಆಮೇಲೆ ನನಗೆ ಸಂಕಟ ಶುರುವಾಯಿತು. ಈ ಕಥೆ ಮುಗಿದರೆ ಉಳಿಯುವುದು ಕಿರೀಟ, ರಾಕ್ಷಸ, ಗಲಾಟೆ. ಹಾಗಾಗಿ ಒಂದು ವಾರ ಸೇತುವೆ ಮುರಿದೆ. ಮುಂದಿನ ವಾರ ಹೊಳೆ ಉಕ್ಕಿಸಿದೆ. ಮತ್ತೊಂದು ವಾರ ಕಳ್ಳರು, ನಾಲ್ಕನೇ ವಾರ ಜ್ವರ. ಎಲ್ಲವನ್ನೂ ದಾಟಿಕೊಂಡು ಅಂಬಿಗ ಬಂದ. ಪ್ರತಿ ಸಲವೂ ‘ಇದು ಅಡ್ಡಿ ದಾಟಿದ್ದು, ಹೆಜ್ಜೆ ಅಲ್ಲ’ ಎಂದು ಏನೋ ಒಂದು ಹೇಳಿ ಡಬ್ಬಿ ಮುಚ್ಚಿದೆ.

“ಕೊಟ್ಟುಬಿಡೋ ಅಣ್ಣ, ಪಾಪ. ನಿನ್ನ ಗಂಟೇನು ಹೋಗುತ್ತೆ?” ಎಂದಳು ತಂಗಿ.

“ಕಥೆ ಅಂದ್ರೆ ಹುಡುಗಾಟ ಅಲ್ಲ,” ಎಂದೆ, ಮಹಾ ಪಂಡಿತನ ಹಾಗೆ.

ಟೈಲರ್ ನಕ್ಕರು. “ಇರಲಿ ಬಿಡಮ್ಮ. ಮೇಷ್ಟ್ರು ಕೊಟ್ಟಾಗ ತಗೊಂಡ್ರಾಯ್ತು.”

ಐದನೇ ಭಾನುವಾರ ಅಂಗಡಿಗೆ ಬೀಗ. ಕನ್ನಡಕದವನು ಮೆಟ್ಟಿಲ ಮೇಲೆ ಕೂತಿದ್ದ.

“ಟೈಲರ್ ತಮ್ಮ ಹೋಗ್ಬಿಟ್ರಂತೆ. ಬುಧವಾರ. ಹಾರ್ಟು,” ಎಂದ.

“ಅವರಿಗೆ ತಮ್ಮ ಇದ್ರಾ?”

“ಇದ್ರು. ಮಾತಿರಲಿಲ್ಲ. ಕನ್ನಡಕ ಸರಿಮಾಡಿಸೋಕೆ ಬಂದಾಗ ನಗ್ತಾ ಹೇಳಿದ್ರು, ಅಂಬಿಗ ಬಾಗಿಲು ತಟ್ಟಿದ ದಿನವೇ ನಾನೂ ಅವನಿಗೆ ಫೋನ್ ಮಾಡ್ತೀನಿ ಅಂತ.”

ಆ ವಾರ ತರಗತಿಯಲ್ಲಿ ಎರಡು ಸಲ ಸುಲಭದ ಲೆಕ್ಕ ತಪ್ಪು ಮಾಡಿದೆ, ಮಕ್ಕಳೇ ತಿದ್ದಿದರು. ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು: ಆ ಗುಂಡಿ ಮೊದಲ ವಾರವೇ ಕೊಟ್ಟಿದ್ದರೆ ಅಣ್ಣತಮ್ಮಂದಿರು ಮಾತಾಡಿಕೊಳ್ಳುತ್ತಿದ್ದರು. ಒಂದು ತಿಂಗಳು ಸಿಗುತ್ತಿತ್ತು ಅವರಿಗೆ. ಆ ತಿಂಗಳನ್ನು ನನ್ನ ಮೋಜಿಗೆ ನಾನು ನುಂಗಿಹಾಕಿದ್ದೆ.

ಮೂರು ವಾರ ಕಳೆದು ಟೈಲರ್ ಆಟಕ್ಕೆ ಕರೆದರು. ಉಳಿದವರಿಗಿಂತ ಮೊದಲೇ ಹೋದೆ. ಅವರು ಯಾರದೋ ಶರ್ಟಿನ ಕಾಲರ್ ಇಸ್ತ್ರಿ ಮಾಡುತ್ತಿದ್ದರು.

“ಹತ್ತನೇ ಗುಂಡಿ ನಿಮಗೆ ಯಾವತ್ತೋ ಸಿಗಬೇಕಿತ್ತು,” ಎಂದೆ. “ಬೇಕಂತಲೇ ತಡೆದೆ. ನಿಮ್ಮ ಕಥೆ ಮುಗಿಯೋದು ನನಗೆ ಬೇಕಿರಲಿಲ್ಲ.”

ಟೈಲರ್ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದರು. “ಗೊತ್ತಿತ್ತು ಮೇಷ್ಟ್ರೇ. ಜಗಳ ಮಾಡಿ ಇಸ್ಕೋಬಹುದಿತ್ತು. ಮಾಡಲಿಲ್ಲ. ನೀವು ಕೊಡದೇ ಇದ್ದಾಗೆಲ್ಲ ಒಳಗೊಳಗೇ ಸಮಾಧಾನ ಆಗ್ತಿತ್ತು. ಸದ್ಯ, ಈ ವಾರ ಫೋನ್ ಮಾಡೋ ಹಾಗಿಲ್ಲ ಅಂತ.”

ಇದನ್ನು ಕೇಳಿ ನನ್ನ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ಹೆದರಿದವರ ಕೈಗೆ ವಾರ ವಾರ ನೆಪ ಕೊಟ್ಟವನು ನಾನೇ ತಾನೆ?

ಅವರೇ ಡಬ್ಬಿಯಿಂದ ಒಂದು ಕೆಂಪು ಗುಂಡಿ ತೆಗೆದು ಒಂಬತ್ತರ ಪಕ್ಕ ಇಟ್ಟರು. “ಈಗ ನೀವು ಅಂಬಿಗನ ತಮ್ಮ,” ಎಂದು ಮೇಜನ್ನು ಮೂರು ಸಲ ತಟ್ಟಿದರು.

ನಾನು ಬಾಗಿಲು ತೆರೆದೆ. “ಬಾ ಅಣ್ಣ, ಒಳಗೆ ಬಾ. ತಡ ಆಗಿದ್ದು ನಿನ್ನ ತಪ್ಪಲ್ಲ.”

ಟೈಲರ್ ಅಲ್ಲವೆಂದು ತಲೆಯಾಡಿಸಿದರು. “ಅವನು ಹಾಗೆಲ್ಲ ಹೇಳೋನಲ್ಲ. ಬಾಗಿಲಲ್ಲೇ ನಿಲ್ಲಿಸಿ ಬಾಯಿಗೆ ಬಂದ ಹಾಗೆ ಬೈತಿದ್ದ. ಬೈಸ್ಕೊಳ್ಳೋಕೇ ಬಂದಿದೀನಿ. ಬೈಯಿರಿ.”

“ಏಳು ವರ್ಷ ಏನು ಮಾಡ್ತಿದ್ದೆ?” ಎಂದೆ, ಮೆಲ್ಲಗೆ.

“ಇನ್ನೂ ಜೋರಾಗಿ.”

“ಒಂದು ಫೋನ್ ಮಾಡೋಕೆ ನಿನಗೇನು ಧಾಡಿ ಬಂದಿತ್ತು?”

ಅಂಬಿಗನ ಲೋಕದಲ್ಲಿ ಫೋನೇ ಇಲ್ಲ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ. ಟೈಲರ್ ತಲೆ ತಗ್ಗಿಸಿ ನಿಂತರು. ನನಗೆ ಸಲ್ಲಬೇಕಾದ ಬೈಗುಳವನ್ನೆಲ್ಲ ನಾನು ಅವರಿಗೆ ಬೈದೆ. ಅವರು ಸಾಕು ಎನ್ನಲಿಲ್ಲ, ನಿಲ್ಲಿಸುವ ಧೈರ್ಯ ನನಗೂ ಬರಲಿಲ್ಲ.