ಮೇಲಿನ ಮನೆಯ ಸಾವಿನ ಗುಂಡು

ಒಂದು — ಹೌದು, ಕೋವಿಯದೇ, ಪಟಾಕಿಯ ಸದ್ದು ಹೀಗೆ ಗುಡ್ಡ ಸುತ್ತಿಕೊಂಡು ಬರುವುದಿಲ್ಲ, ಕೈಯಲ್ಲಿ ಕೊಯ್ದ ಕೋಳಿ, ಕಾಲು ಹಿಡಿದು ಒಲೆಯ ಉರಿಗೆ ಒಡ್ಡಿದ್ದೇನೆ, ಪುಕ್ಕ ಕರಟಿದ ವಾಸನೆ, ಸದ್ದು ಬಂದದ್ದು ಮೇಲಿನ ಮನೆಯ ಕಡೆಯಿಂದ, ಒಂದೇ ಆದರೆ ಯಾರೋ ಮಂಗ ಓಡಿಸಿದ್ದು, ಇಲ್ಲವೇ ಯಾರಿಗೋ ಗಂಡು ಹುಟ್ಟಿದ್ದು, ಎರಡಾದರೆ ಸಾವು, ಕೊಡಗಿನಲ್ಲಿ ಹುಟ್ಟಿದ ನಾಯಿಗೂ ಈ ಲೆಕ್ಕ ಗೊತ್ತು, ಕೋಳಿಯನ್ನು ಮಗುಚಿ ಹಿಡಿದೆ, ಇನ್ನೊಂದು ಪಕ್ಕವೂ ಕಪ್ಪಾಗುತ್ತಿದೆ, ಇಷ್ಟು ಹೊತ್ತಾಯಿತಲ್ಲ, ಇನ್ನು ಬರಲಾರದು ಎಂದುಕೊಂಡೆ — ಎರಡು. ಮೇಲಿನ ಮನೆಯ ಬೋಜಪ್ಪಣ್ಣ ಹೋದರು. ಪಾಪ, ಹೋಗಲೇಬೇಕಿತ್ತು, ಕಳೆದ ಮಳೆಗಾಲದಲ್ಲಿ ಲಕ್ವ ಹೊಡೆದು ಮೈಯ ಒಂದು ಪಕ್ಕ ಬಿದ್ದುಹೋದ ಮೇಲೆ ಆ ಮನುಷ್ಯ ಇದ್ದೂ ಇಲ್ಲದ ಹಾಗೆ, ಗಂಜಿ ಕುಡಿಸಿದರೆ ಅರ್ಧ ಗದ್ದದ ಮೇಲೆ, ನನ್ನ ಯಜಮಾನ ಸಾಂತಪ್ಪ ಸತ್ತ ದಿನ ಅದೇ ಬೋಜಪ್ಪಣ್ಣ ತಮ್ಮ ಮನೆಯ ಕೋವಿ ಹೆಗಲಿಗೆ ಹಾಕಿಕೊಂಡು ಇಳಿದು ಬಂದು ನಮ್ಮ ಅಂಗಳದಲ್ಲಿ ನಿಂತು ಎರಡು ಗುಂಡು ಹೊಡೆದು ಆಮೇಲೆ ಕೋವಿಯನ್ನೇ ಊರಿಕೊಂಡು ಅತ್ತರು, ಅದು ಕಟ್ಟು, ಮೇಲಿನ ಮನೆಯ ಸಾವಿಗೆ ಕೆಳಗಿನ ಮನೆಯ ಕೋವಿ, ಕೆಳಗಿನ ಮನೆಯ ಸಾವಿಗೆ ಮೇಲಿನ ಮನೆಯ ಕೋವಿ, ಬೇರೆಲ್ಲೂ ಇಲ್ಲ ಇದು, ಅವರು ಕೊಡವರು ನಾವು ಗೌಡರು, ಒಮ್ಮೆ ಕೊಂದುಕೊಂಡ ಈ ಎರಡು ಮನೆಗಳಿಗೆ ಹಿರಿಯರು ಹಾಕಿದ ಮೂಗುದಾರ, ನಿನ್ನ ಸಾವನ್ನು ನಿನ್ನ ಹಗೆಯವನೇ ಬಂದು ಊರಿಗೆ ಸಾರಬೇಕು. ಹಾಗಾದರೆ ಈಗ ಹೊಡೆದವನು ನನ್ನ ಮಗನೇ, ಪ್ರವೀಣಾ ಎಂದು ಕೂಗಿದೆ, ಓಗೊಡಲಿಲ್ಲ, ಪಡಸಾಲೆಯ ಗೋಡೆಯಲ್ಲಿ ಜೋಡುನಳಿಗೆ ಕೋವಿ ಇಲ್ಲ, ಆದರೆ ಕರೆಯಲು ಯಾರೂ ಬರಲಿಲ್ಲವಲ್ಲ, ಬಂದಿದ್ದರೆ ಅವ್ವ ಬೋಜಪ್ಪಜ್ಜ ತೀರಿಹೋದೊ ಎಂದು ಒಂದು ಮಾತು ಹೇಳದೆ ಹೋಗುವ ಹುಡುಗನಲ್ಲ, ಮತ್ತೆ ಆ ಎರಡು ಗುಂಡಿನ ನಡುವೆ ಅಷ್ಟು ಹೊತ್ತು ಯಾಕೆ, ಸಾವಿನ ಗುಂಡು ಬೆನ್ನುಬೆನ್ನಿಗೆ ಬರುತ್ತದೆ, ಆಕಾಶಕ್ಕೆ ಹೊಡೆಯುವವನು ಗುರಿ ಹಿಡಿಯುತ್ತಾ ಕೂರುವುದಿಲ್ಲ.

ಕೋಳಿ ಒಲೆಯಲ್ಲೇ ಬಿತ್ತು, ಸುಟ್ಟು ಬೂದಿಯಾಗಲಿ, ಕೈ ತೊಳೆಯಲಿಲ್ಲ, ಬಾಗಿಲಲ್ಲಿ ಮಗಳು ಮೋಕ್ಷಿತಾ ಫೋನು ಹಿಡಿದು ನಿಂತಿದ್ದಾಳೆ, ಅವ್ವ, ಅಣ್ಣ ಮೇಲೆ ಹೋದ, ಅಭಿಲಾಷ್ ಲೈವಿಲಿ ಕರೆದ, ಗಂಡ್ಸಾದ್ರೆ ನನ್ನ ಅಂಗಳಕ್ಕೆ ಬಾ ಹೇಳ್ದ ಎಂದಳು, ನೀ ಮೊದ್ಲೇ ಎಂತಕೆ ಹೇಳಿತ್ಲೆ ಎಂದು ಅವಳ ಭುಜ ಹಿಡಿದು ಅಲ್ಲಾಡಿಸಿದೆ, ಕೋಳಿಯ ರಕ್ತ ಅವಳ ಬಿಳಿ ಅಂಗಿಗೆ, ಬಿಟ್ಟು ಓಡುತ್ತಿದ್ದೇನೆ, ತೋಟದ ಏರು, ಬರಿಗಾಲಿಗೆ ಒಣಗಿದ ಸಿಲ್ವರ್ ಓಕಿನ ಎಲೆ, ಅಭಿಲಾಷ್, ಬೋಜಪ್ಪಣ್ಣನ ಮೊಮ್ಮಗ, ಪ್ರವೀಣನ ಜೊತೆ ಒಂದೇ ಬಸ್ಸಿನಲ್ಲಿ ಶಾಲೆಗೆ ಹೋದವನು, ನನ್ನ ಕೈಯ ಕೋಳಿಸಾರು ತಿಂದು ಬೆಳೆದವನು, ಆಂಟಿ ಇನ್ನೊಂದು ಕಾಲು ಉಂಟಾ ಎಂದು ಪಾತ್ರೆಗೇ ಕೈ ಹಾಕುತ್ತಿದ್ದ ಕಳ್ಳ, ಅವನಿಗೂ ಇವನಿಗೂ ಆದದ್ದಾದರೂ ಏನು, ಒಂದು ರೀಲು, ಎರಡು ತೋಟದ ಬೇಲಿಯ ಹಲಸಿನ ಮರದ ಕೆಳಗೆ ನಿಂತು ನನ್ನ ಮಗ ಫೋನಿಗೆ ಹೇಳಿದ, ಬಿಳಿಯರ ಕಾಲದ ದಂಗೆಯಲ್ಲಿ ನಮ್ಮ ಗುರುವಪ್ಪಜ್ಜನ್ನ ಇದೇ ಕೊಂಬೆಗೆ ನೇಣು ಹಾಕಿದರು, ಹಿಡಿದು ಕೊಟ್ಟವರ ಮಕ್ಕಳು ಇವತ್ತೂ ಸೊಂಟಕ್ಕೆ ಬೆಳ್ಳಿಕತ್ತಿ ಸಿಕ್ಕಿಸಿಕೊಂಡು ಮೆರೆಯುತ್ತಾರೆ. ಸುಳ್ಳೇನಲ್ಲ, ನಮ್ಮತ್ತೆ ಹೇಳುತ್ತಿದ್ದರು, ಮೇಲಿನ ಮನೆಯ ಭತ್ತದ ಅಟ್ಟದಲ್ಲಿ ಅಡಗಿದ್ದವನನ್ನು ಅವರೇ ಕಾಲು ಹಿಡಿದು ಎಳೆದು ಕೊಟ್ಟರಂತೆ, ಕೊಂಬೆ ತಗ್ಗಾಗಿ ಅವನ ಕಾಲ್ಬೆರಳು ನೆಲ ಮುಟ್ಟುತ್ತಿತ್ತಂತೆ, ಕೆಳಗಿನ ಮಣ್ಣು ಅಗೆದು ಸಾಯಿಸಿದರಂತೆ, ಅತ್ತೆ ಅಲ್ಲಿಗೆ ನಿಲ್ಲಿಸುತ್ತಿದ್ದರು, ಆ ರಾತ್ರಿ ನಮ್ಮವರು ಹೋಗಿ ಮೇಲಿನ ಮನೆಯ ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿ ಹುಲ್ಲಿನ ಮಾಡಿಗೆ ಬೆಂಕಿ ಇಟ್ಟದ್ದನ್ನು ಹೇಳುತ್ತಿರಲಿಲ್ಲ, ಅದನ್ನು ನಾನು ಕೇಳಿದ್ದು ಮೇಲಿನ ಮನೆಯ ಮುದುಕಿಯಿಂದ, ಒಳಗೆ ತುಂಬು ಬಸುರಿ ಇದ್ದಳಂತೆ, ಬೆಳಗ್ಗೆ ನೋಡಿದರೆ ಬಾಗಿಲ ಒಳಮೈಯಲ್ಲಿ ಅವಳ ಉಗುರು ಸಿಕ್ಕಿಕೊಂಡಿತ್ತಂತೆ. ಇಷ್ಟು ವರ್ಷ ಎರಡು ಮನೆಯ ಹೆಣಗಳೂ ಸುಮ್ಮನೆ ಮಲಗಿದ್ದವು, ಈಗ ಬೆರಳಲ್ಲಿ ತಿವಿದು ಎಬ್ಬಿಸಿದರು, ಅವನೂ ಬರೆದ, ಇವನೂ ಬರೆದ, ದ್ರೋಹಿಗಳ ಬೀಜ ಎಂದು ಇವನು, ಬಸುರಿ ಸುಟ್ಟ ಕೊಳ್ಳಿಗಳು ಎಂದು ಅವನು, ಆಮೇಲೆ ದುಬೈಯಲ್ಲಿ ಕೂತವರು, ಮೈಸೂರಲ್ಲಿ ಕೂತವರು, ಮುಖದ ಜಾಗದಲ್ಲಿ ಹುಲಿಯ ಚಿತ್ರ ಇಟ್ಟವರು, ಕೊಚ್ಚು, ಸುಡು, ನೇತುಹಾಕು, ತಮ್ಮ ಮನೆಯ ಬೆಕ್ಕನ್ನು ಗದರಿಸಲು ದಮ್ಮಿಲ್ಲದ ಗಂಡಸರು, ಒಂದು ದಿನ ಮೋಕ್ಷಿತಾಳ ಕಾಲೇಜಿನ ಫೋಟೊದ ಕುತ್ತಿಗೆಗೆ ಯಾರೋ ಬರೆದ ಹಗ್ಗ, ನೋಡ್ ಅವ್ವ ಎಂದು ತೋರಿಸಿದಳು, ಅದೇ ಸಂಜೆ ಪ್ರವೀಣ ಅಭಿಲಾಷನ ಅಕ್ಕನ ಸೀಮಂತದ ಫೋಟೊ ಎತ್ತಿಕೊಂಡು ಅದಕ್ಕೆ ಬೆಂಕಿ ಹಚ್ಚಿದ, ಫೋನಿನಲ್ಲೇ ಹಚ್ಚಿದ್ದು, ಆದರೂ ಹಚ್ಚಿದ್ದೇ, ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನನಗೆ ಆ ದಿನ ಅವನ ಮುಖ ನೋಡಲು ಹೇಸಿಗೆಯಾಯಿತು, ತಟ್ಟೆ ಎತ್ತಿ ಬಿಸಾಡಿದೆ, ನಿಂಗೆ ಎಂತ ಗೊತ್ತುಟ್ಟು ಅವ್ವ, ನೀ ಸುಮ್ಮನೆ ಇರ್ ಎಂದ, ಸುಮ್ಮನಿದ್ದೆ.

ಎದೆ ಒಡೆಯುತ್ತಿದೆ, ಮೆಣಸಿನ ಬಳ್ಳಿ ಹಿಡಿದು ನಿಂತೆ, ಭಾನುವಾರವೂ ಕಾಫಿಹಣ್ಣು ಕೊಯ್ಯುವ ಲೈನ್ ಮನೆಯ ಕೂಲಿ ಹೆಂಗಸರು ಚೀಲ ಕೆಳಗಿಟ್ಟು ತಲೆಯ ಬಟ್ಟೆ ಬಿಚ್ಚುತ್ತಿದ್ದಾರೆ, ದೊಡ್ಡವರು ಹೋದರಾ ಅಮ್ಮ ಎಂದು ಒಬ್ಬಳು ಕಣ್ಣೊರೆಸುತ್ತಾಳೆ, ದಾರಿಯಲ್ಲಿ ಪಕ್ಕದ ತೋಟದ ಧರ್ಮೇಂದ್ರ ಬಿಳಿ ಪಂಚೆ ಸುತ್ತಿಕೊಳ್ಳುತ್ತಾ ನಿಧಾನವಾಗಿ ಹತ್ತುತ್ತಿದ್ದಾನೆ, ಬೊಳ್ಳಕ್ಕ, ಬೋಜಪ್ಪಣ್ಣ ಹೋದೊ ಕಂಡದೆ, ಒಳ್ಳೆ ಸಾವು, ಎಷ್ಟ್ ಜಗಳ ಇದ್ರೂ ನಿಮ್ಮ ಪ್ರವೀಣ ಕಟ್ಟು ಬಿಟ್ಟಿತ್ಲೆ ನೋಡಿ, ಅದ್ ಮನೆತನ. ಹೌದು ಧರ್ಮೇಂದ್ರ ಎಂದೆ, ನನ್ನ ಬಾಯಿಂದ ಅದು ಹೇಗೆ ಬಂತೋ, ಹೌದು ಎಂದೆ, ನನ್ನ ಕೈಯ ರಕ್ತ ನೋಡಿದ, ಕೋಳಿ ಎಂದೆ, ಅವನನ್ನು ಹಿಂದೆ ಹಾಕಿ ಓಡುತ್ತಿದ್ದೇನೆ, ಊರೆಲ್ಲ ನಂಬಿದೆ, ಊರಿಗೆ ಊರೇ ಪಂಚೆ ಉಟ್ಟು ಮೆಲ್ಲನೆ ಬರುತ್ತದೆ, ಎರಡು ಗುಂಡು ಕೇಳಿದ ಮೇಲೆ ಇಲ್ಲಿ ಯಾರೂ ಓಡುವುದಿಲ್ಲ, ಸತ್ತವನೇನು ಎದ್ದು ಹೋಗುತ್ತಾನೆಯೇ, ಓಡುವವಳು ನಾನೊಬ್ಬಳೇ. ನಾನೂ ನಂಬುತ್ತೇನೆ, ಯಾಕೆ ನಂಬಬಾರದು, ಬೋಜಪ್ಪಣ್ಣ ಸತ್ತಿರಲಿ, ದೇವರೇ, ಬೋಜಪ್ಪಣ್ಣ ಸತ್ತಿರಲಿ, ಇಗ್ಗುತಪ್ಪಾ ನಿನಗೆ ತುಲಾಭಾರ ಮಾಡಿಸುತ್ತೇನೆ, ನನ್ನ ಗಂಡನ ಹೆಣದ ಮುಂದೆ ಅತ್ತ ಮನುಷ್ಯ, ನನ್ನ ಮದುವೆಗೆ ಹಂದಿ ಕಳಿಸಿದ ಮನುಷ್ಯ, ಅವನು ಸತ್ತಿರಲಿ, ಬಾಯಿ ತೆರೆದುಕೊಂಡು ತಣ್ಣಗೆ ಮಲಗಿರಲಿ, ನಾನು ಎಲ್ಲರಿಗಿಂತ ಜೋರಾಗಿ ಅಳುತ್ತೇನೆ, ಅವನ ಕಾಲು ತೊಳೆಯುತ್ತೇನೆ, ಸಾಯಿಸು, ಈಗಲಾದರೂ ಸಾಯಿಸು.

ಬದುಕಿದ್ದಾರೆ. ಗೇಟು ದಾಟಿದ ಕೂಡಲೇ ಕಂಡಿತು, ಜಗಲಿಯ ಬಿಸಿಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಬೋಜಪ್ಪಣ್ಣ, ಮೊಣಕಾಲಿಗೆ ಕಂಬಳಿ, ಬಿದ್ದಿರದ ಆ ಒಂದು ಕೈ ಮಾತ್ರ ಕುರ್ಚಿಯ ಹಿಡಿಯನ್ನು ಬಡಿಯುತ್ತಿದೆ, ಬಡಿಯುತ್ತಿದೆ, ಮನೆಯವರೆಲ್ಲ ವಿರಾಜಪೇಟೆಗೆ ಮದುವೆಗೆ ಹೋಗಿದ್ದಾರೆ, ಮುದುಕನ ಕಾವಲಿಗೆ ಮೊಮ್ಮಗನನ್ನು ಬಿಟ್ಟು, ಮೊಮ್ಮಗ ಅಂಗಳದಲ್ಲಿ ಒಣಗಲು ಹರಡಿದ ಕಾಫಿಹಣ್ಣಿನ ಮೇಲೆ ಬಿದ್ದಿದ್ದಾನೆ. ಮೊದಲನೆಯದು ಹೊಟ್ಟೆಗೆ, ಅಲ್ಲಿಂದ ಕಾಫಿಯ ಮೇಲೆ ತೆವಳಿದ ಗೆರೆ, ಗೆರೆಯ ಕೊನೆಯಲ್ಲಿ ಎರಡನೆಯದು, ಬೆನ್ನಿಗೆ, ಹತ್ತಿರದಿಂದ, ಅಂಗಿ ಸುಟ್ಟಿದೆ, ಅದಕ್ಕೇ ಅಷ್ಟು ಹೊತ್ತು, ತೆವಳುವವನ ಹಿಂದೆ ನನ್ನ ಮಗ ನಡೆದು ಬಂದಿದ್ದಾನೆ, ನಾನು ಹೆತ್ತವನು ನಡೆದು ಬಂದು ನಿಂತು ಹೊಡೆದಿದ್ದಾನೆ. ಪ್ರವೀಣ ಕಣದ ಕಟ್ಟೆಯ ಮೇಲೆ ಕೂತಿದ್ದಾನೆ, ತೊಡೆಯ ಮೇಲೆ ಕೋವಿ, ಅವ್ವ, ಅಂವ ನಗಾಡ್ದ, ಎಲ್ಲವ್ರ ಮುಂದೆ ನಗಾಡ್ದ, ಹೊಡಿ ನೋಡುವ ಹೇಳ್ದ, ನನಗೆ ಅವನನ್ನು ಅಲ್ಲೇ ಕೊಂದುಬಿಡಬೇಕೆನಿಸಿತು, ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕಾಡಿಗೆ ಓಡಬೇಕೆನಿಸಿತು, ಎರಡೂ ಒಟ್ಟಿಗೆ, ಕೆನ್ನೆಗೆ ಹೊಡೆದೆ, ನನ್ನ ಬೆರಳಿನ ಕೋಳಿರಕ್ತ ಅವನ ಮುಖದ ಮೇಲೆ ನಿಂತಿತು. ಅಭಿಲಾಷನ ಕೈಯ ಪಕ್ಕ ಕಾಫಿಹಣ್ಣಿನ ನಡುವೆ ಅವನ ಫೋನು, ಮುಖ ಮೇಲೆ ಮಾಡಿ ಬಿದ್ದಿದೆ, ಲೈವ್ ಇನ್ನೂ ನಡೆಯುತ್ತಿದೆ, ಪರದೆಯ ತುಂಬ ಬರೀ ಆಕಾಶ, ಆಕಾಶದಲ್ಲಿ ಕೆಂಪು ಹೃದಯಗಳು ಹುಟ್ಟಿ ಹುಟ್ಟಿ ಮೇಲಕ್ಕೆ ಹೋಗುತ್ತಿವೆ, ಯಾರೋ ಎಲ್ಲೋ ಕೂತು ಬೆರಳಿನಿಂದ ಒತ್ತುತ್ತಿದ್ದಾರೆ, ಕೆಳಗೆ ಅಕ್ಷರಗಳು ಓಡುತ್ತಿವೆ, ಏನಾಯ್ತು, ಸತ್ತನಾ, ನಮ್ಮ ಹುಲಿ, ಸುಡ್ರೋ ಅವರ ಮನೆ, ಮತ್ತೆ ಹೃದಯ, ಮತ್ತೆ.

ಬೊಳ್ಳಮ್ಮ ಎಂದರು ಬೋಜಪ್ಪಣ್ಣ, ಅರ್ಧ ಬಾಯಿಯ ಮಾತು, ಆದರೂ ಒಂದಕ್ಷರ ತಪ್ಪದೆ ತಿಳಿಯಿತು, ಮಗು ಹೋಯ್ತು, ನಮ್ಮ ಮನೇಲಿ ಸಾವಾಗಿದೆ, ನಿಮ್ಮ ಮನೆ ಕೋವಿ ಹೊಡೀಬೇಕಲ್ಲಾ. ಅವರ ಕಾಲ ಬಳಿಯೇ ಕೂತೆ, ಹೊಡೆದಾಯ್ತಲ್ಲ ಬೋಜಪ್ಪಣ್ಣ, ಎರಡೂ ಹೊಡೆದಾಯ್ತು ಎಂದೆ, ಇಲ್ಲ, ಅದು ಅವನಿಗೆ ಹೊಡೆದದ್ದು, ಆಕಾಶಕ್ಕೆ ಹೊಡೀಬೇಕು, ಕಟ್ಟು ಉಂಟು ಎಂದರು, ಬೈಯಲಿಲ್ಲ, ಶಾಪ ಹಾಕಲಿಲ್ಲ, ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಪ್ರವೀಣಾ ಏಳ್ ಎಂದೆ, ಅವನು ಎದ್ದು ಕೋವಿ ಎತ್ತಿದ, ನಳಿಗೆ ಜಾರಿ ನೆಲಕ್ಕೆ ಬಡಿಯಿತು, ನನ್ನ ಕೈಲಿ ಆದ್ಲೆ ಅವ್ವ ಎಂದ, ಆಗುವುದಿಲ್ಲವಂತೆ, ತೆವಳುವವನಿಗೆ ಹೊಡೆಯಲಾದೀತು, ಸತ್ತವನಿಗೆ ಮರ್ಯಾದೆ ಕೊಡಲಾಗದಂತೆ, ಅವನ ಜೇಬಿಗೆ ಕೈ ಹಾಕಿದೆ, ಇನ್ನೆರಡು ಗುಂಡಿನ ತೋಟೆ, ಅಯ್ಯೋ ಇನ್ನೂ ತಂದಿದ್ದನಲ್ಲ, ಯಾರಿಗೆಂದು ತಂದಿದ್ದ, ಈ ಮುದುಕನಿಗೋ, ತೋಟೆ ತುಂಬಿದೆ, ನನ್ನ ಅಪ್ಪ ಕಲಿಸಿದ್ದು ಬೆರಳು ಮರೆತಿಲ್ಲ, ನಳಿಗೆ ಇನ್ನೂ ಬೆಚ್ಚಗಿದೆ. ಗೇಟಿನಲ್ಲಿ ಧರ್ಮೇಂದ್ರ ನಿಂತುಬಿಟ್ಟಿದ್ದಾನೆ, ಅವನ ಹಿಂದೆ ಪಂಚೆಯವರು, ಯಾರೋ ಹೆಂಗಸು ಕಿರುಚಿದಳು, ನಾನು ಅಭಿಲಾಷನ ತಲೆಯ ಬಳಿ ನಿಂತೆ, ಆ ಫೋನಿಗೇ ಒಂದು ಹೊಡೆದುಬಿಡಲೇ, ಅದರೊಳಗಿನ ಅಷ್ಟೂ ಹುಲಿಮುಖಗಳಿಗೆ, ಬೇಡ, ಇರುವುದು ಎರಡೇ ತೋಟೆ, ಎರಡೂ ಈ ಹುಡುಗನವು, ಕೋವಿ ಎತ್ತಿದೆ, ಹೆಗಲಿಗೆ ಒದೆಯಿತು, ಬೆನ್ನಿಗೇ ಇನ್ನೊಂದು, ನಡುವೆ ಹೊತ್ತು ಬಿಡಲಿಲ್ಲ, ಬೋಜಪ್ಪಣ್ಣನ ಕೈ ಬಡಿಯುವುದನ್ನು ನಿಲ್ಲಿಸಿತು, ಕಿವಿಯಲ್ಲಿ ಏನೂ ಇಲ್ಲ, ಕೆಳಗೆ ನೋಡುತ್ತೇನೆ, ಕಾಫಿಹಣ್ಣಿನ ನಡುವೆ ಆ ಸಣ್ಣ ಆಕಾಶ, ಆಕಾಶದಲ್ಲಿ ನನ್ನ ಮುಖ, ನನ್ನ ಕೋವಿಯ ಹೊಗೆ, ಹೊಗೆಯ ಮೇಲೆ ಕೆಂಪು ಹೃದಯ, ಒಂದರ ಹಿಂದೆ ಒಂದು, ಮೇಲಕ್ಕೆ ಹೋಗುತ್ತಿವೆ, ಮೇಲಕ್ಕೆ —