ತರಿ ಅಂಚಿನ ಬೋಗುಣಿ

ಕುಂಬಾರ ಹನುಮಂತಪ್ಪನ ತಿಗರಿಯ ಮೇಲಿಂದ ನಾನು ಇಳಿದ ದಿನ ಅವನ ಹೆಂಡತಿ ನನ್ನನ್ನು ನೋಡಿ ನಕ್ಕಳು. ನಾನು ಅಗಲವಾದ, ಗಿಡ್ಡ ಗೋಡೆಯ ಮಣ್ಣಿನ ಬೋಗುಣಿ. ಹಸಿಯಿರುವಾಗಲೇ ನನ್ನ ತಳಕ್ಕೆ ಕಡ್ಡಿಯಿಂದ ತೂತುಗಳನ್ನು ಚುಚ್ಚಿದ್ದರು.

"ಗಡಿಗಿ ತೂತಾದ್ರ ಮಂದಿ ತಿಪ್ಪಿಗೆ ಒಗೀತಾರ. ಈ ಸಾಬ ನೋಡಿದ್ರ ಹೇಳಿ ತೂತು ಮಾಡ್ಸಾಕ ಬಂದಾನಲ್ಲ!" ಎಂದಳು.

ಆ ಸಾಬ ಎಂದರೆ ದಾವಲಸಾಬ. ಗದಗಿನ ಕಡೆಯ ಒಂದು ಸಣ್ಣ ಊರಿನ ಪ್ರವಾಸಿ ಮಂದಿರದಲ್ಲಿ ಮಾಲಿ. ಅವನು ನಗಲಿಲ್ಲ. ಬಗ್ಗಿ ನನ್ನ ಅಂಚನ್ನು ಮುಟ್ಟಿ ನೋಡಿದ.

"ಅಂಚು ನುಣುಪು ಮಾಡಬ್ಯಾಡೋ ಮಾರಾಯಾ. ದಪ್ಪ ಮರಳು ಹಾಕಿ ತರಿತರಿ ಬಿಡು."

"ಕೈ ತರಚತೈತಿ."

"ತರಚಲಿ. ನನಗ ಅದ ಬೇಕು."

ಯಾಕೆ ಬೇಕೆಂದು ಕುಂಬಾರ ಕೇಳಲಿಲ್ಲ, ನನಗೂ ಗೊತ್ತಾಗಲಿಲ್ಲ. ಆವಿಗೆಯಿಂದ ಹೊರಬಂದ ಮೇಲೆ ನನ್ನ ಜೊತೆ ಬೆಂದ ಗಡಿಗೆ ಮಗಿಗಳೆಲ್ಲ ಯಾರ ಯಾರದೋ ಅಡುಗೆಮನೆ ಸೇರಿದವು. ನಾನು ಮಾಲಿಯ ತಲೆಯ ಮೇಲೆ ಕುಳಿತು ತೋಟಕ್ಕೆ ಹೋದೆ.

ಅಲ್ಲಿಯ ನೆಲ ಕಲ್ಲುಮಿಶ್ರಿತ ಕೆಂಪು ನೆಲ. ಬೇಸಿಗೆಯಲ್ಲಿ ಬೀಸುವ ಗಾಳಿಗೆ ಎಲೆಗಳೆಲ್ಲ ಹಪ್ಪಳವಾಗುತ್ತಿದ್ದವು. ಬೇರೆ ಊರಿನಿಂದ ಕುಂಡದಲ್ಲಿ ಬಂದ ಚೆಂದದ ಗಿಡಗಳು ಒಂದು ಬೇಸಿಗೆ ಕಂಡರೆ ಎರಡನೆಯದನ್ನು ಕಾಣುತ್ತಿರಲಿಲ್ಲ. ದಾವಲಸಾಬ ಮಾತ್ರ ತನ್ನ ಗಿಡಗಳನ್ನೆಲ್ಲ ಬೀಜದಿಂದಲೇ ಎಬ್ಬಿಸುತ್ತಿದ್ದ. ಕಣಗಿಲೆ, ಅಬ್ಬಲಿಗೆ, ಗೋರಂಟಿ, ಬೇಲಿಗೆ ಹಬ್ಬಿಸಲು ಶಂಖಪುಷ್ಪದ ಬಳ್ಳಿ. ಇಲ್ಲಿಯ ಮಣ್ಣಲ್ಲಿ ಕಣ್ಣು ಬಿಟ್ಟ ಗಿಡ ಇಲ್ಲಿಯ ಬಿಸಿಲಿಗೆ ಹೆದರುವುದಿಲ್ಲ ಎಂದು ಅವನ ನಂಬಿಕೆ. ನಾನು ಕಂಡ ಮಟ್ಟಿಗೆ ಅದು ಸುಳ್ಳಾಗಲಿಲ್ಲ.

ಅವನ ಕೈಯನ್ನು ನಾನು ಎಷ್ಟು ಹೊಗಳಿದರೂ ಸಾಲದು. ಮಣ್ಣು, ಮರಳು, ಕೊಳೆತ ಎಲೆ ಮೂರನ್ನೂ ಜರಡಿ ಹಿಡಿದು ನನ್ನೊಳಗೆ ತುಂಬುತ್ತಿದ್ದ. ಮೇಲಿನಿಂದ ನೀರು ಸುರಿದವನಲ್ಲ. ಬೀಜ ಚೆದುರುತ್ತದೆಂದು ನನ್ನನ್ನು ನೀರು ತುಂಬಿದ ಅಗಲ ಪಾತ್ರೆಯಲ್ಲಿ ಕೂರಿಸುತ್ತಿದ್ದ. ನೀರು ತಳದ ತೂತುಗಳಿಂದ ಮೆಲ್ಲಗೆ ಮೇಲೇರಿ ಬರುತ್ತಿತ್ತು. ಕುಂಬಾರನ ಹೆಂಡತಿ ನಕ್ಕ ತೂತುಗಳು ಅವೇ.

ಅಂಚಿನ ಗುಟ್ಟು ರತ್ನಗಂಧಿ ಎಂಬ ಹೂಗಿಡದ ಬೀಜ ಬಂದ ದಿನ ತಿಳಿಯಿತು. ಚಪ್ಪಟೆ ಬೀಜ, ಕಲ್ಲಿನಂಥ ಸಿಪ್ಪೆ. ನೀರಲ್ಲಿ ಹಾಕಿದರೆ ನೀರೇ ಬೇಸತ್ತು ಹೋಗಬೇಕು, ಅದು ಮಾತ್ರ ಉಬ್ಬುವುದಿಲ್ಲ. ದಾವಲಸಾಬ ಒಂದೊಂದನ್ನೇ ಹೆಬ್ಬೆರಳಲ್ಲಿ ಹಿಡಿದು ನನ್ನ ತರಿ ಅಂಚಿಗೆ ತಿಕ್ಕಿದ. ಒಳಗಿನ ಬಿಳುಪು ಸೂಜಿಮೊನೆಯಷ್ಟು ಕಂಡಕೂಡಲೇ ನಿಲ್ಲಿಸಿದ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ ಮಗಳು ಮಾಬುಬಿಗೆ ಹೇಳಿದ: "ಬೆನ್ನ ಕಡೆ ತಿಕ್ಕಬೇಕವ್ವಾ. ಮೊಳಕಿ ಒಡಿಯೋ ಮೂಗಿನ ಕಡೆ ತಿಕ್ಕಿದ್ರ ಬೇರ ಸಾಯತೈತಿ."

ಪ್ರವಾಸಿ ಮಂದಿರಕ್ಕೆ ಎಷ್ಟೋ ಸಾಹೇಬರು ಬಂದರು, ಹೋದರು. ನನಗೆ ಕಂಡದ್ದು ಅವರ ಬೂಟು ಮಾತ್ರ. ಹೂವಿನ ಮುಂದೆ ಬೂಟುಗಳು ಸ್ವಲ್ಪ ಹೊತ್ತು ನಿಲ್ಲುತ್ತಿದ್ದವು. ಅಷ್ಟಕ್ಕೇ ದಾವಲಸಾಬನ ಮುಖ ಅರಳುತ್ತಿತ್ತು.

ಅವನು ಮಣ್ಣು ಸೇರಿದ ಮೇಲೆ ಮಾಬುಬಿ ನನ್ನನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಸಂತೆಗೆ ಹೋಗುವ ರಸ್ತೆಯ ಬದಿಗೆ ನಾಲ್ಕು ತಗಡು ನಿಲ್ಲಿಸಿ ಸಸಿ ಮಾರತೊಡಗಿದಳು. ಅಪ್ಪನ ಕೈ ಹಾಗೇ ಬಂದಿತ್ತು. ಬಾಯಿ ಮಾತ್ರ ಅವನದಲ್ಲ, ಭಾರೀ ಮಾತುಗಾತಿ.

ಒಂದು ಸಂತೆಯ ದಿನ ನೀಲವ್ವ ಎಂಬ ಹೆಣ್ಣುಮಗಳು ಬಂದು ಸೆರಗಿನ ಗಂಟು ಬಿಚ್ಚಿದಳು. ಒಂದು ಹಿಡಿಯಷ್ಟು ರತ್ನಗಂಧಿ ಬೀಜ. ಎಣ್ಣೆಯಿಂದ ಮಿರಮಿರ ಮಿಂಚುತ್ತಿದ್ದವು.

"ಇವು ಹುಟ್ಟಬೇಕು ನೋಡವ್ವಾ. ಹುಟ್ಟಲಿಲ್ಲಂದ್ರ ನಾ ಆ ಅಂಗಳದಾಗ ಬಾಳೇ ಮಾಡೋದು ಕಷ್ಟ ಐತಿ."

ಅವಳ ಕತೆ ಹೀಗಿತ್ತು. ಅಣ್ಣ ತಮ್ಮಂದಿರ ಎರಡು ಮನೆಗೆ ಒಂದೇ ಅಂಗಳ. ಆ ಅಂಗಳದಲ್ಲಿ ಹಿರಿಯ ನೆಗೆಣ್ಣಿ, ಎಂದರೆ ನೀಲವ್ವನ ಗಂಡನ ಅಣ್ಣನ ಹೆಂಡತಿ, ಶಂಕ್ರವ್ವ ಬೆಳೆಸಿದ ರತ್ನಗಂಧಿ ಗಿಡವಿತ್ತು. ಎಲ್ಲ ಕಡೆ ಇರುವ ಕೆಂಪಲ್ಲ, ಹಳದಿಯಲ್ಲ, ಗುಲಾಬಿ ಬಣ್ಣದ್ದು. ಶಂಕ್ರವ್ವ ಮಗಳ ಬಾಣಂತನಕ್ಕೆ ಹೋದಾಗ ಗಿಡದ ಬುಡದಲ್ಲಿ ಹಾವು ಕಂಡಿತು. ನೀಲವ್ವ ಹೆದರಿ ಗಿಡವನ್ನು ಕಡಿಸಿ ಬೇರುಸಮೇತ ಕಿತ್ತುಹಾಕಿದಳು. ಶಂಕ್ರವ್ವ ತಿರುಗಿ ಬಂದು ಬರಿದಾದ ಜಾಗ ನೋಡಿದಳು. ಬೈಯಲಿಲ್ಲ. ಅಂದಿನಿಂದ ಮಾತು ಬಿಟ್ಟಳು.

"ಏನರ ಹೇಳೋದಿದ್ರ ಬೆಕ್ಕಿಗೆ ಹೇಳ್ತಾಳ. 'ಬೆಕ್ಕೇ, ನಳದಾಗ ನೀರು ಬಂದಾವಂತ ಆಕಿಗೆ ಹೇಳು.' ಎರಡ ಬ್ಯಾಸಗಿ ಆತು. ಆ ಬೆಕ್ಕಿಗೂ ಸಾಕಾಗೇತಿ."

ಮಾಬುಬಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಬೀಜ ಎಲ್ಲಿಂದ ಬಂದ್ವು?"

"ಕಡದ ಟೊಂಗಿ ಕಟಿಗಿ ಒಟ್ಟಿಲದಾಗ ಬಿದ್ದಿದ್ವು. ಅದರಾಗ ಒಣಾ ಕಾಯಿ ಸಿಕ್ಕವು. ಹುಳಾ ಬೀಳಬಾರದಂತ ತೊಗರಿ ಬೀಜಕ್ಕ ಹಚ್ಚಿದಂಗ ಔಡಲೆಣ್ಣಿ ಹಚ್ಚಿ ಗಡಿಗ್ಯಾಗ ಇಟ್ಟಿದ್ದೆ. ಅರ್ಧ ಬಿತ್ತಿ ನೋಡಿದೆ, ಒಂದೂ ಏಳಲಿಲ್ಲ. ಇಷ್ಟ ಉಳದಾವ."

"ಯಕ್ಕಾ, ಮದಲ ಇದರ ಚರ್ಮ ಕಲ್ಲು. ಅದರ ಮ್ಯಾಲೆ ನೀ ರೇನ್‌ಕೋಟ್ ತೊಡಿಸಿ ಇಟ್ಟಿ! ನೀರರ ಹೆಂಗ ಒಳಗ ಹೊಕ್ಕೀತು?"

ನಗುತ್ತಲೇ ಮಾಬುಬಿ ಅಂಟುವಾಳದ ಬಿಸಿನೀರಲ್ಲಿ ಬೀಜಗಳ ಜಿಡ್ಡು ತೊಳೆದಳು. ಒರೆಸಿದಳು, ಮತ್ತೆ ತೊಳೆದಳು. ಆಮೇಲೆ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದನ್ನೇ ಅಂಚಿಗೆ ತಿಕ್ಕಿದಳು, ಬೆನ್ನ ಕಡೆಯಿಂದ. ನೀಲವ್ವ ಬಗ್ಗಿ ನೋಡಿದಳು.

ಹೋಗುವಾಗ ಅವಳು ತಿರುಗಿ ನಿಂತಳು. "ಗುಲಾಬೀನ ಬರತೈತಿ ಹೌದಿಲ್ಲೋ?"

"ಬೀಜ ಅಂದ್ರ ಮಕ್ಕಳಿದ್ದಂಗ ಯಕ್ಕಾ. ಯಾರ ಮಾರಿ ಹೊತ್ತು ಬರತಾವೋ."

ಕೆಲವು ಬೀಜ ಕೊಳೆತವು. ಕೆಲವು ಮೊಳೆತು ಕುತ್ತಿಗೆ ಬಿದ್ದು ಸತ್ತವು. ಒಂದೇ ಒಂದು ಬೆನ್ನು ಬಾಗಿಸಿಕೊಂಡು ಮಣ್ಣು ಸೀಳಿ ಎದ್ದಿತು. ಅದರ ಬೇರಿನ ತುದಿ ನನ್ನ ತಳವನ್ನು ತಡವಿದ್ದು ಇವತ್ತಿಗೂ ನೆನಪಿದೆ. ಎಂಥ ಹಟ ಆ ಕೂದಲಿನಂಥ ಬೇರಿಗೆ! ಮಾಬುಬಿ ಅದನ್ನು ದೊಡ್ಡ ಕುಂಡಕ್ಕೆ ಬದಲಾಯಿಸಿ ನನ್ನ ಪಕ್ಕದಲ್ಲೇ ಇಟ್ಟಳು. ಬಣ್ಣ ಕಾಣುವ ತನಕ ಮನೆಗೆ ಒಯ್ಯುವುದಿಲ್ಲ ಎಂದು ನೀಲವ್ವ ಹೇಳಿದ್ದಳು. ಪ್ರತಿ ಸಂತೆಗೂ ಬಂದು ಗಿಡದ ಮುಂದೆ ಕುಳಿತು ಹೋಗುವಳು.

ಮುಂದಿನ ವರ್ಷ ಮೊಗ್ಗು ಬಂತು. ಅರಳಿದ್ದು ಸಂತೆಯ ದಿನವೇ. ಹಳದಿ.

ನೀಲವ್ವ ಗಿಡದ ಮುಂದೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ತಗಡಿನ ಬಾಗಿಲಲ್ಲಿ ಇನ್ನೊಂದು ಜೊತೆ ಪಾದ ಕಂಡವು. ಬಿರುಕುಬಿಟ್ಟ ಹಿಮ್ಮಡಿ, ದಪ್ಪ ಕಾಲುಂಗುರ.

"ವಾರಾ ವಾರಾ ಸಂತಿಗೆ ಹೊಕ್ಕೀನಂತ ಹೇಳಿ ಬರೇ ಚೀಲಾ ತರ್ತಾಳ. ಎಲ್ಲಿಗೆ ಹೊಕ್ಕಾಳ ನೋಡೂಣಂತ ಬೆನ್ನ ಹತ್ತಿ ಬಂದೆ," ಎಂದಳು ಬಂದವಳು, ಮಾಬುಬಿಯ ಕಡೆ ನೋಡಿ. ಶಂಕ್ರವ್ವ ಅವಳೇ.

ಗಿಡ ಕಂಡಳು. ಎಲೆ ಗುರುತು ಹಿಡಿದಳು. ನೀಲವ್ವನ ಒದ್ದೆ ಕಣ್ಣು ಕಂಡಳು. ಏನೋ ಹೇಳಬೇಕೆಂದು ಸುತ್ತಲೂ ನೋಡಿದಳು. ಅಲ್ಲಿ ಬೆಕ್ಕು ಇರಲಿಲ್ಲ.

"ಹಳದಿ," ಎಂದಳು ನೀಲವ್ವನಿಗೇ.

"ಹೌದಕ್ಕಾ."

"ನಂದು ಗುಲಾಬಿ ಇತ್ತು."

"ಹೌದಕ್ಕಾ."

"ಇಷ್ಟ ದಿನಾ ಮಾತು ಬಿಟ್ಟು ಬಾಯಿ ಒಣಗಿಸಿಕೊಂಡಿದ್ದಕ್ಕ ನನಗ ಸಿಕ್ಕಿದ್ದು ಹಳದಿ ಏನ?"

ನೀಲವ್ವ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಮಾಬುಬಿ ನಡುವೆ ಬಂದಳು. "ಪಾತರಗಿತ್ತಿ ಮತ್ಯಾವುದೋ ಹಳದಿ ಗಿಡದ ಹುಡಿ ತಂದು ಕಲಸೇತಿ ಯಕ್ಕಾ. ನಿನ್ನ ಬಣ್ಣಾ ಎಲ್ಲೂ ಹೋಗಿಲ್ಲ, ಇದರ ಹೊಟ್ಟ್ಯಾಗ ಅಡಗಿರತೈತಿ. ಇದರ ಬೀಜ ಹಾಕಿದ್ರ ಒಂದರಾಗರ ಬರಬಹುದು. ಬರದನೂ ಇರಬಹುದು."

"ಅಕ್ಕಾ, ಇದನ್ನ ನೀ ಒಯ್ಯಿ," ಎಂದಳು ನೀಲವ್ವ.

"ನಾ ಯಾಕ ಒಯ್ಯಲಿ? ಕಡದಾಕಿ ನೀ. ಹೊರಾಕಿನೂ ನೀನ. ಅದ ಜಾಗಾದಾಗ ಹಚ್ಚು, ನೀರು ಹಾಕು. ನಾ ಕಟ್ಟಿ ಮ್ಯಾಲೆ ಕುಂತು ನೋಡ್ತೀನಿ."

ನೀಲವ್ವ ಕುಂಡ ಹೊತ್ತು ಮುಂದೆ ನಡೆದಳು. ಹಿಂದಿನಿಂದ ಶಂಕ್ರವ್ವ ಗದರುತ್ತ ಹೋದಳು: "ಸಾವಕಾಶ ನಡಿಯ! ಹೂ ಉದುರತಾವ!"

ಈಗ ನನ್ನ ಮೈಯಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದೆ. ಮಾಬುಬಿ ಪ್ಲಾಸ್ಟಿಕ್ ಟ್ರೇಗಳಲ್ಲಿ ಬಿತ್ತುತ್ತಾಳೆ. ನಾನು ನಳದ ಪಕ್ಕದ ಮೂಲೆಯಲ್ಲಿದ್ದೇನೆ. ನನ್ನ ತಂಪಿನಲ್ಲಿ ಒಂದು ಕಪ್ಪೆ ಸಂಸಾರ ಹೂಡಿದೆ. ಆದರೂ ಗಟ್ಟಿ ಸಿಪ್ಪೆಯ ಬೀಜ ಬಂದರೆ ನನ್ನನ್ನೇ ಎತ್ತಿಕೊಳ್ಳುತ್ತಾರೆ. ಒಂದು ಕಡೆ ಅಂಚು ಪೂರ್ತಿ ಸವೆದಿದೆ. ನನ್ನನ್ನು ತಿರುಗಿಸಿ ಇನ್ನೊಂದು ಕಡೆ ತಿಕ್ಕುತ್ತಾರೆ.

ನೆಗೆಣ್ಣಿಯರು ವರ್ಷಕ್ಕೊಮ್ಮೆ ಕಾಯಿ ಬಿಡಿಸಿಕೊಂಡು ಬಂದು, ಮೂಗು ಯಾವ ಕಡೆ ಬೆನ್ನು ಯಾವ ಕಡೆ ಎಂದು ಜಗಳಾಡುತ್ತ ಇಲ್ಲೇ ಕುಳಿತು ತಿಕ್ಕುತ್ತಾರೆ. ಇಲ್ಲಿ ಎದ್ದ ಸಸಿಗಳು ಅವರ ಅಂಗಳಕ್ಕೆ ಹೋಗುತ್ತಿದ್ದವು. ಅವು ಯಾವ ಬಣ್ಣದ ಹೂ ಬಿಟ್ಟವೆಂದು ನನಗೆ ಹೇಳುವವರಿರಲಿಲ್ಲ.

ಈ ಸಲ ನೀಲವ್ವ ಬೀಜ ತಿಕ್ಕಲು ನನ್ನ ಮೇಲೆ ಬಗ್ಗಿದಾಗ ಅವಳ ತುರುಬಿನಿಂದ ಎಸಳೊಂದು ಜಾರಿ ನನ್ನೊಳಗೆ ಬಿತ್ತು.

"ನೋಡ ಮಾಬುಬಿ," ಎಂದಳು ಶಂಕ್ರವ್ವ, "ಮದಲ್ನೇ ಹೂ. ನನ್ನ ಕೇಳದ ಮುಡಕೊಂಡು ಬಂದಾಳ!"

ಎಸಳು ಗುಲಾಬಿ ಬಣ್ಣದ್ದು. ಕೈ ತರಚಲಿ ಎಂದಿದ್ದ ದಾವಲಸಾಬನನ್ನು ನೆನೆದು, ಅದು ಒಣಗುವ ತನಕ ಹಾಗೇ ಇಟ್ಟುಕೊಂಡಿದ್ದೆ.